ಮಿದುಳು-ಬೆನ್ನುಹುರಿ ದ್ರವದ ಪ್ರೋಟೀನ್
ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ತಿಳಿಯಾದ ದ್ರವದಲ್ಲಿನ ಪ್ರೋಟೀನ್ ಪ್ರಮಾಣವು ನರರೋಗ ನಿದಾನದ ಮುಖ್ಯ ಸೂಚಕ. ವಯಸ್ಕರ ಸೊಂಟದ ಭಾಗದಿಂದ ಸೂಜಿಯ ಮೂಲಕ ತೆಗೆದ ದ್ರವದಲ್ಲಿ ಇದು ಸಾಮಾನ್ಯವಾಗಿ ಡೆಸಿಲೀಟರಿಗೆ 15ರಿಂದ 45 ಮಿಲಿಗ್ರಾಂ; ನವಜಾತ ಶಿಶುಗಳಲ್ಲಿ 100 ಇದ್ದರೂ ಸಹಜವಿರಬಹುದು. ರಕ್ತದ ಪ್ರೋಟೀನ್ ಇದರ ನೂರಾರು ಪಟ್ಟು. ನಡುವಿನ ತಡೆ ಸಡಿಲಿದರೆ ಅದು ಒಳಸೋರುತ್ತದೆ. ಹೀಗಾಗಿ ಏರಿಕೆಯು ತೊಂದರೆಯನ್ನು ಸೂಚಿಸೀತೇ ಹೊರತು ರೋಗವನ್ನು ಹೆಸರಿಸದು.

ವಿಜಯಪುರವಾಗಲಿ ಬೆಂಗಳೂರಾಗಲಿ, ಕ್ಷಯ ವ್ಯಾಪಕವಾಗಿರುವ ನಮ್ಮಲ್ಲಿ ಮರೆಯಲಾಗದ್ದು ಕ್ಷಯಜನ್ಯ ಮಿದುಳುಪೊರೆಯ ಉರಿಯೂತ. ಇದರಲ್ಲಿ ಪ್ರೋಟೀನ್ ಏರಿ, ಗ್ಲೂಕೋಸ್ ಇಳಿದು, ಲಿಂಫೋಸೈಟ್ ಕೋಶಗಳು ಹೆಚ್ಚಿರುತ್ತವೆ. ವಿಳಂಬವು ಪ್ರಾಣಾಂತಕವಾಗಬಹುದಾದ್ದರಿಂದ, ಶಂಕೆ ಬಲವಾಗಿದ್ದರೆ ವಾರಗಟ್ಟಲೆ ಹಿಡಿಯುವ ಕಲ್ಚರ್ ವರದಿಗೆ ಕಾಯದೆ ಔಷಧ ಆರಂಭಿಸುತ್ತಾರೆ. ಗಿಯಾನ್-ಬಾರೆ ಲಕ್ಷಣಕೂಟದಲ್ಲಾದರೋ, 1916ರಲ್ಲಿಯೇ ವರದಿಯಾದಂತೆ, ಪ್ರೋಟೀನ್ ಏರಿದರೂ ಕೋಶಸಂಖ್ಯೆ ಬಹುತೇಕ ಸಹಜ. ಆದರೆ ಮೊದಲ ವಾರದಲ್ಲಿ ಪ್ರೋಟೀನೂ ಸಹಜವಿರಬಹುದು. ಆಗಿನ ವರದಿಯಿಂದ ಆ ರೋಗವನ್ನು ತಳ್ಳಿಹಾಕಲಾಗದು.