ಹಳ್ಳಕ್ಕೂ ಹಕ್ಕಿದೆ: ಎಡೆದೊರೆ ನಾಡಿನ ನೀರಿನ ಪಾಠ

ಮದ್ರಸದಲ್ಲಿ ಮಕ್ಕಳಿಗೆ ತಹಾರತ್‌ನ ಪಾಠ ಹೇಳುವಾಗ ನಾವು ನೀರಿನ ಮೂರು ಗುಣಗಳನ್ನು ಕಲಿಸುತ್ತೇವೆ: ಬಣ್ಣ, ರುಚಿ, ವಾಸನೆ. ಹೊಲಸು ಬಿದ್ದು ಇವುಗಳಲ್ಲಿ ಒಂದು ಕೆಟ್ಟರೂ ಆ ನೀರು ವುಝೂವಿಗೆ ಸಲ್ಲದು. ಪಾಠ ಮುಗಿಸಿ ಬೀದಿಗೆ ಬಂದು, ಪೇಟೆಯ ಚರಂಡಿಗಳು ಹಳ್ಳವನ್ನು ಕೂಡುವ ಕಡೆ ನಿಂತರೆ ಮೂರನ್ನೂ ಕೆಡಿಸಿದವರು ನಾವೇ ಎಂಬುದು ತಿಳಿಯುತ್ತದೆ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಸೀಮೆಯನ್ನು ಹಿಂದಿನವರು ಎಡೆದೊರೆ ನಾಡು ಎಂದರು. ಮಸ್ಕಿಯ ಹಳ್ಳ ಹರಿದು ಸೇರುವುದು ತುಂಗಭದ್ರೆಯನ್ನೇ. ಆ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ದೊರೆಯಿತು. ಅದೇ ಅರಸನು ಹಾದಿಬದಿಯಲ್ಲಿ ಬಾವಿ ತೋಡಿಸಿ ಮರ ನೆಡಿಸಿದ ಸಂಗತಿಯನ್ನು ಅವನ ಬೇರೆ ಶಾಸನಗಳು ತಿಳಿಸುತ್ತವೆ. ನೀರಿನ ಜೊತೆಗೆ ಗಿಡಮರವೂ ಇರಬೇಕೆಂಬ ತಿಳಿವಳಿಕೆ ಅಷ್ಟು ಹಳೆಯದು.

ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆಯನ್ನು ಒಂದು ಕಾಲಕ್ಕೆ ಆಳಿದ ಆದಿಲ್‌ಶಾಹಿಗಳು ತಮ್ಮ ರಾಜಧಾನಿ ವಿಜಯಪುರದಲ್ಲಿ ಈ ತಿಳಿವಳಿಕೆಯನ್ನು ಬೆಳೆಸಿದರು. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ ಬೇಗಂ ತಾಲಾಬಿನ ನೀರು ನೆಲದೊಳಗಿನ ಕೊಳವೆಗಳಲ್ಲಿ ನಗರಕ್ಕೆ ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳಿದ್ದವು. ಅವು ನೀರಿನ ಒತ್ತಡವನ್ನು ತಗ್ಗಿಸುತ್ತಿದ್ದವು. ಕೆಸರು ತಳದಲ್ಲಿ ಕೂರಲು ಎಡೆ ಕೊಡುತ್ತಿದ್ದವು. ನೀರನ್ನು ತಡೆದು, ನಿಧಾನಿಸಿ, ತಿಳಿಯಾಗಿಸಿ ಮುಂದೆ ಬಿಡುವುದೇ ಅದರ ಗುಟ್ಟು. ಅದೇ ನಗರದ ತಾಜ್ ಬಾವಡಿ ಮುಂದೆ ಕಸದ ಗುಂಡಿಯಂತಾಯಿತು. ಕಳೆದ ದಶಕದಲ್ಲಿ ಅದರ ಹೂಳನ್ನು ತೆಗೆಸಬೇಕಾಯಿತು. ಹೂಳು ತೆಗೆದರೆ ಸಾಲದು, ಹೊಲಸು ಬರುವ ದಾರಿಯನ್ನೂ ತಿದ್ದಬೇಕೆಂಬುದು ಅದು ಕಲಿಸುವ ಪಾಠ.

ದಾರಿಯನ್ನು ತಿದ್ದುವುದು ಹೇಗೆಂಬುದನ್ನು ಬೆಂಗಳೂರಿನ ಜಕ್ಕೂರು ಕೆರೆ ತೋರಿಸಿದೆ. ಅಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗಿನ ಮೂಲಕ ಸಾಗುತ್ತದೆ. ನೀರಿನಲ್ಲಿ ಉಳಿದ ಸಾರಜನಕ, ರಂಜಕಗಳನ್ನು ಆ ಗಿಡಗಳು ಹೀರುತ್ತವೆ. ಮಳೆನೀರಿಗೂ ಇದೇ ರೀತಿ ಸಲ್ಲುತ್ತದೆ. ರಸ್ತೆಯ ಅಂಚಿನಲ್ಲಿ ತಗ್ಗು ತೋಡಿ, ಜಲ್ಲಿ, ಮರಳು, ಮಣ್ಣು ತುಂಬಿ ಹುಲ್ಲು ಬೆಳೆಸಿದರೆ, ಮಳೆ ಹೊತ್ತು ತರುವ ಎಣ್ಣೆ, ಧೂಳು, ಕೆಸರು ಬಹುಮಟ್ಟಿಗೆ ಅಲ್ಲಿಯೇ ಉಳಿಯುತ್ತವೆ.

ಆದರೆ ನಮ್ಮದು ಎರೆಮಣ್ಣಿನ ಸೀಮೆ. ಬೇಸಿಗೆಯಲ್ಲಿ ಬಿರುಕು ಬಿಡುವ ಈ ನೆಲ ನೆನೆದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮತ್ತೆ ನೀರನ್ನು ಒಳಗೆ ಬಿಡುವುದು ಬಹಳ ನಿಧಾನ. ಆದುದರಿಂದ ಸಿಂಧನೂರಿನಲ್ಲಿ ಬರಿಯ ಗುಂಡಿ ತೋಡಿದರೆ ಸೊಳ್ಳೆಯ ತೊಟ್ಟಿಯಾದೀತು. ತಳದಲ್ಲಿ ಜಲ್ಲಿಯ ಹಾಸು, ಹೆಚ್ಚಿನ ನೀರಿಗೆ ಹೊರದಾರಿ, ಮನೆಯ ಬಚ್ಚಲ ನೀರಿಗೆ ಬೇರೆಯೇ ಒಳಚರಂಡಿ, ಈ ಮೂರೂ ಬೇಕು.

ಇನ್ನೂ ಒಂದು ಬೇಕು: ಹಳ್ಳದ ದಂಡೆಯಲ್ಲಿ ಖಾಲಿ ಜಾಗ. ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ಇದಕ್ಕೆ ‘ಹರೀಮ್’ ಎಂಬ ಹೆಸರಿದೆ. ಬಾವಿ, ಹೊಳೆಗಳ ಸುತ್ತಲಿನ ಆ ಅಂಚನ್ನು ಯಾರೂ ತಮ್ಮದಾಗಿಸಿಕೊಳ್ಳುವಂತಿಲ್ಲ. ಜನರು ನೀರು ಪಡೆಯುವಲ್ಲಿ, ನಡೆಯುವ ದಾರಿಯಲ್ಲಿ, ನೆರಳಿನಲ್ಲಿ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಕಾರಣವೆಂದು ಪ್ರವಾದಿ(ಸ)ರವರು ಎಚ್ಚರಿಸಿದ್ದಾರೆ. ಇಂದು ಅದೇ ಕೆಲಸವನ್ನು ನಾವು ಕೊಳವೆಯ ಮೂಲಕ ಮಾಡುತ್ತಿದ್ದೇವೆ. ಕಣ್ಣಿಗೆ ಕಾಣದು ಎಂಬುದಷ್ಟೇ ವ್ಯತ್ಯಾಸ.

ದೊಡ್ಡ ಕಾಮಗಾರಿ ಪುರಸಭೆ, ನಗರಸಭೆಗಳದು. ಆದರೆ ಮಸೀದಿಯ ಛಾವಣಿಯ ಮಳೆನೀರನ್ನೂ ಹೌಜ್‌ನಿಂದ ಹೊರಹೋಗುವ ವುಝೂವಿನ ನೀರನ್ನೂ ಅಂಗಳದ ಗಿಡಗಳಿಗೆ ಹರಿಸಲು ಯಾರ ಅಪ್ಪಣೆಯೂ ಬೇಡ. ಹಳ್ಳದ ಹರೀಮನ್ನು ಒತ್ತದಿರಲು ಹಣವೂ ಬೇಡ. ಬಣ್ಣ, ರುಚಿ, ವಾಸನೆಯ ಪಾಠವನ್ನು ಪುಸ್ತಕದಲ್ಲಿ ಓದಿಸಿ ಹಳ್ಳದ ದಂಡೆಯಲ್ಲಿ ಮರೆತರೆ, ನಾಳೆ ನಮ್ಮ ಮಕ್ಕಳು ಯಾವ ನೀರನ್ನು ನೋಡಿ ಆ ಪಾಠ ಕಲಿಯಬೇಕು?