ದವಡೆ ತಿದ್ದುವ ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆ

ಮೇಲ್ದವಡೆಯನ್ನೋ ಕೆಳದವಡೆಯನ್ನೋ ಕೆಲವೊಮ್ಮೆ ಎರಡನ್ನೂ ಕೊಯ್ದು, ಇರಬೇಕಾದ ಜಾಗಕ್ಕೆ ಸರಿಸಿ, ಟೈಟಾನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯುವ ಚಿಕಿತ್ಸೆಗೆ ಆರ್ಥೋಗ್ನ್ಯಾಥಿಕ್ ಸರ್ಜರಿ ಎಂದು ಹೆಸರು. ಬರೀ ಹಲ್ಲಿಗೆ ಕ್ಲಿಪ್ ಹಾಕಿಸಿ ಸರಿಪಡಿಸಲಾಗದ ಕಚ್ಚುವಿಕೆಯ ದೋಷ, ಮುಂದಕ್ಕೆ ಚಾಚಿದ ಅಥವಾ ಒಳಕ್ಕೆ ಸರಿದ ಗದ್ದ, ಓರೆಯಾದ ಮುಖ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇವುಗಳಿಗೆ ಇದನ್ನು ಮಾಡುತ್ತಾರೆ. ಸೀಳುತುಟಿ, ಸೀಳಂಗುಳದೊಂದಿಗೆ ಹುಟ್ಟಿದ ಮಕ್ಕಳಲ್ಲಿ ಹಲವರಿಗೆ ಬೆಳೆದ ಮೇಲೆ ಮೇಲ್ದವಡೆಯನ್ನು ಮುಂದಕ್ಕೆ ತರಬೇಕಾಗುತ್ತದೆ, ಧಾರವಾಡದ ಎಸ್.ಡಿ.ಎಂ. ದಂತ ವೈದ್ಯಕೀಯ ಕಾಲೇಜಿನಂಥ ಕೇಂದ್ರಗಳಲ್ಲಿ ಈ ಚಿಕಿತ್ಸೆ ನಡೆಯುತ್ತದೆ. ಸಾಮಾನ್ಯವಾಗಿ ಮೂಳೆಯ ಬೆಳವಣಿಗೆ ಮುಗಿದ ಮೇಲೆಯೇ, ಎಂದರೆ ಹದಿಹರೆಯದ ಕೊನೆಯಲ್ಲಿ ಅಥವಾ ಆಮೇಲೆ, ಶಸ್ತ್ರಚಿಕಿತ್ಸೆ ನಡೆಯುತ್ತದೆ. ಕೊಯ್ತ ಬಹುಪಾಲು ಬಾಯಿಯ ಒಳಗಿನಿಂದಲೇ ಆಗುವುದರಿಂದ ಮುಖದ ಮೇಲೆ ಎದ್ದುಕಾಣುವ ಗಾಯದ ಗುರುತು ಉಳಿಯುವುದಿಲ್ಲ.

ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ, ಚೇತರಿಕೆಗೆ ತಿಂಗಳುಗಳು ಬೇಕು. ಹೆಚ್ಚಿನವರು ಹೆದರುವುದು ನೋವಿಗೆ. ಆದರೆ ಈ ಚೇತರಿಕೆಯಲ್ಲಿ ನೋವಿಗಿಂತ ಹೆಚ್ಚು ಕಾಡುವುದು ಕಿರಿಕಿರಿಗಳ ಒಂದು ಗುಂಪು: ಊತ, ಜೋಮು, ಕಟ್ಟಿದ ಮೂಗು, ಹಸಿವು, ಮಾತಾಡಲಾಗದ ಅಸಹಾಯಕತೆ, ಕನ್ನಡಿ ನೋಡಲು ಅಳುಕು. ಒಂದೊಂದಕ್ಕೂ ತನ್ನದೇ ಕಾಲಾವಧಿಯಿದೆ. ಯಾವುದು ಯಾವಾಗ ಬರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಮೊದಲೇ ತಿಳಿದವರು ಅದನ್ನು ಹೆಚ್ಚು ಸಮಾಧಾನದಿಂದ ದಾಟುತ್ತಾರೆ.

ಹಿನ್ನೆಲೆ

ಕೆಳದವಡೆಯನ್ನು ಕೊಯ್ದು ತಿದ್ದಿದ ಮೊದಲ ದಾಖಲೆ 1849ರದು. ಅಮೆರಿಕದ ವೀಲಿಂಗ್ ಪಟ್ಟಣದ ಸೈಮನ್ ಹಲಿಹೆನ್, ಸುಟ್ಟಗಾಯದ ಬಿಗಿತದಿಂದ ದವಡೆ ವಿಕಾರಗೊಂಡಿದ್ದ ಯುವತಿಯೊಬ್ಬಳಿಗೆ ಅದನ್ನು ಮಾಡಿದರು. ಫ್ರಾನ್ಸಿನ ರೆನೆ ಲೆ ಫೋರ್ ಮೇಲ್ದವಡೆ ಯಾವ ಗೆರೆಗಳಲ್ಲಿ ಮುರಿಯುತ್ತದೆ ಎಂಬುದನ್ನು 1901ರಲ್ಲಿ ವಿವರಿಸಿದರು. ಇಂದು ಮೇಲ್ದವಡೆಯನ್ನು ಕೊಯ್ಯುವ ವಿಧಾನಕ್ಕೆ ಅವರದೇ ಹೆಸರು. ಕೆಳದವಡೆಯನ್ನು ಎರಡೂ ಬದಿ ಉದ್ದುದ್ದ ಸೀಳಿ ಜಾರಿಸುವ ವಿಧಾನವನ್ನು ಆಸ್ಟ್ರಿಯಾ ಮೂಲದ ಹ್ಯೂಗೋ ಓಬ್ವೆಗೆಸರ್ 1950ರ ದಶಕದಲ್ಲಿ ರೂಪಿಸಿದರು.

ರೋಗಿಯ ದಿನಚರಿಯನ್ನು ನಿಜಕ್ಕೂ ಬದಲಿಸಿದ್ದು ಮೂಳೆಯನ್ನು ಒಳಗಿನಿಂದಲೇ ಹಿಡಿದಿಡುವ ತಂತ್ರ. 1970ರ ದಶಕದಿಂದೀಚೆಗೆ ಸ್ಕ್ರೂಗಳೂ ಪುಟ್ಟ ಲೋಹದ ಪಟ್ಟಿಗಳೂ ಬಳಕೆಗೆ ಬಂದವು. ಅದಕ್ಕೂ ಮೊದಲು ಮೇಲಿನ ಕೆಳಗಿನ ಹಲ್ಲುಸಾಲುಗಳನ್ನು ತಂತಿಯಿಂದ ಸುಮಾರು ಆರು ವಾರ ಕಟ್ಟಿಡುತ್ತಿದ್ದರು. ಈಗ ಬಹುತೇಕರಿಗೆ ಕ್ಲಿಪ್‌ಗಳಿಗೆ ಸಿಕ್ಕಿಸುವ ರಬ್ಬರ್ ಬ್ಯಾಂಡ್‌ಗಳೇ ಸಾಕು. ಆದರೂ ‘ದವಡೆ ಆಪರೇಷನ್ ಎಂದರೆ ಬಾಯಿ ಹೊಲಿದುಬಿಡುತ್ತಾರೆ’ ಎಂಬ ಹಳೆಯ ಭಯ ಜನರ ಬಾಯಲ್ಲಿ ಹೋಗಿಲ್ಲ.

ಊತ, ಮೂಗು, ನಿದ್ದೆ

ಎಚ್ಚರವಾದಾಗ ಮೊದಲು ತಿಳಿಯುವುದು ಗಂಟಲ ಉರಿ. ಬಾಯಿ ಶಸ್ತ್ರಚಿಕಿತ್ಸೆಗೆ ಬಿಡುವಿರಬೇಕಾದ್ದರಿಂದ ಅರಿವಳಿಕೆಯ ಕೊಳವೆಯನ್ನು ಮೂಗಿನ ಮೂಲಕ ಇಳಿಸಿರುತ್ತಾರೆ. ಈ ಉರಿ ಎರಡು ಮೂರು ದಿನದಲ್ಲಿ ಶಮನವಾಗುತ್ತದೆ. ಊತದ ರೀತಿ ಬೇರೆ. ಅದು ಮೊದಲ ದಿನಕ್ಕಿಂತ ಎರಡನೆಯ, ಮೂರನೆಯ ದಿನ ಹೆಚ್ಚು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೇ ಮುಖ ಅತ್ಯಂತ ದಪ್ಪಗೆ ಕಾಣುವುದರಿಂದ ಮನೆಯವರು ಗಾಬರಿಯಾಗುತ್ತಾರೆ, ‘ಏನೋ ಎಡವಟ್ಟಾಗಿದೆ’ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಕೆನ್ನೆಯ ನೀಲಿ ಕಲೆ ದಿನ ಕಳೆದಂತೆ ಹಳದಿಯಾಗಿ ಕುತ್ತಿಗೆಗೆ, ಕೆಲವರಲ್ಲಿ ಎದೆಯ ಮೇಲ್ಭಾಗಕ್ಕೂ ಇಳಿಯುತ್ತದೆ. ಎದ್ದುಕಾಣುವ ಊತ ಎರಡು ಮೂರು ವಾರದಲ್ಲಿ ತಗ್ಗಿದರೂ ಉಳಿದ ಸಣ್ಣ ಉಬ್ಬು ಪೂರ್ತಿ ಹೋಗಲು ಆರು ತಿಂಗಳಿಂದ ವರ್ಷದವರೆಗೆ ಹಿಡಿಯಬಹುದು.

ಮೊದಲ ಒಂದೆರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕನ್ನು ಇಪ್ಪತ್ತು ನಿಮಿಷ ಇಟ್ಟು ಇಪ್ಪತ್ತು ನಿಮಿಷ ತೆಗೆಯುವುದು ವಾಡಿಕೆ. ಆಮೇಲೆ ವೈದ್ಯರು ಹೇಳಿದರೆ ಬೆಚ್ಚನೆಯ ಶಾಖ. ಇಲ್ಲಿ ಒಂದು ಎಚ್ಚರ ಬೇಕು: ಜೋಮು ಹಿಡಿದ ಚರ್ಮಕ್ಕೆ ಅತಿ ತಣ್ಣಗೂ ಅತಿ ಬಿಸಿಯೂ ಗೊತ್ತಾಗುವುದಿಲ್ಲ. ಶಾಖ ಕೊಡುವವರು ತಮ್ಮ ಕೈಯ ಹಿಂಭಾಗದಲ್ಲಿ ಮೊದಲು ಮುಟ್ಟಿ ನೋಡಬೇಕು. ಊತ ತಗ್ಗಿಸಲು ಆಸ್ಪತ್ರೆಯಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟಿರಾಯ್ಡ್ ಕೊಡುವುದುಂಟು. ತಲೆಯನ್ನು ಸುಮಾರು 30 ಡಿಗ್ರಿ ಎತ್ತರಿಸಿ ಅಂಗಾತ ಮಲಗುವುದು, ಮತ್ತೆ ಬೇಗ ಎದ್ದು ಓಡಾಡುವುದು, ಇವೆರಡೂ ಊತ ಇಳಿಯಲು ನೆರವಾಗುತ್ತವೆ.

ಮೇಲ್ದವಡೆಯ ಶಸ್ತ್ರಚಿಕಿತ್ಸೆಯಾದವರಿಗೆ ಮೂಗು ಕಟ್ಟುತ್ತದೆ, ಒಂದೆರಡು ವಾರ ರಕ್ತ ಬೆರೆತ ಸಿಂಬಳ ಬರುತ್ತದೆ. ಬಾಯಿ ಬ್ಯಾಂಡಿನ ಬಿಗಿಯಲ್ಲಿದ್ದು ಮೂಗೂ ಕಟ್ಟಿದಾಗ ಉಸಿರು ನಿಂತೇಹೋಗುತ್ತದೆ ಎಂಬ ದಿಗಿಲು ರಾತ್ರಿಯ ಹೊತ್ತು ಹುಟ್ಟುವುದು ಸಹಜ. ಹಲ್ಲುಗಳು ಕೂಡಿದ್ದರೂ ಅವುಗಳ ನಡುವಿನ ಮತ್ತು ಹಿಂದಿನ ಸಂದುಗಳಿಂದ ಗಾಳಿ ಆಡುತ್ತದೆ. ಆಸ್ಪತ್ರೆಯಲ್ಲಿದ್ದಾಗಲೇ ಎದ್ದು ಕುಳಿತು ನಿಧಾನವಾಗಿ ಹಾಗೆ ಉಸಿರಾಡಿ ಅಭ್ಯಾಸ ಮಾಡಿಕೊಂಡರೆ ಈ ದಿಗಿಲು ತಗ್ಗುತ್ತದೆ. ಉಪ್ಪುನೀರಿನ ಮೂಗಿನ ಸ್ಪ್ರೇ, ಕೋಣೆಯಲ್ಲಿ ತುಸು ತೇವ, ವೈದ್ಯರು ಬರೆದ ಮೂಗಿನ ಹನಿ ಉಪಯೋಗಕ್ಕೆ ಬರುತ್ತವೆ. ಸೀನು ತಡೆಹಿಡಿಯಬಾರದು. ಮೂಗನ್ನು ಜೋರಾಗಿ ಸೀದುವುದು ವೈದ್ಯರು ಒಪ್ಪುವವರೆಗೆ ಪೂರ್ತಿ ನಿಷಿದ್ಧ, ಏಕೆಂದರೆ ಆ ಒತ್ತಡಕ್ಕೆ ಗಾಳಿ ಗಾಯದ ಮೂಲಕ ಕೆನ್ನೆಯ ಒಳಪದರಕ್ಕೆ ನುಗ್ಗಬಹುದು.

ನೋವು ಮತ್ತು ಜೋಮು

ಮೂಳೆ ಕೊಯ್ದಿದ್ದರೂ ನೋವು ಅನೇಕರು ಎಣಿಸಿದಷ್ಟು ಇರುವುದಿಲ್ಲ. ಕಾರಣ ಸರಳ: ಆ ಭಾಗದ ಸ್ಪರ್ಶದ ನರಗಳೇ ತಾತ್ಕಾಲಿಕವಾಗಿ ಮಂಕಾಗಿರುತ್ತವೆ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಬಗೆಯ ಔಷಧಗಳಲ್ಲೇ ಬಹುಮಂದಿಯ ನೋವು ಹತೋಟಿಗೆ ಬರುತ್ತದೆ. ನೋವು ಏರಿದ ಮೇಲೆ ನುಂಗುವುದಕ್ಕಿಂತ ಮೊದಲ ಕೆಲವು ದಿನ ಹೊತ್ತುಹೊತ್ತಿಗೆ ತೆಗೆದುಕೊಳ್ಳುವುದು ಮೇಲು. ಮೂತ್ರಪಿಂಡ ಅಥವಾ ಜಠರದ ತೊಂದರೆ ಇರುವವರು ಐಬುಪ್ರೊಫೆನ್ ಬಗೆಯವನ್ನು ಕೇಳದೆ ತೆಗೆದುಕೊಳ್ಳಬಾರದು. ಬಾಯಿ ತೆರೆಯದವರಿಗೆ ಸಿರಪ್ಪೋ ನೀರಲ್ಲಿ ಕರಗುವ ಮಾತ್ರೆಯೋ ಬೇಕು. ಎಲ್ಲ ಮಾತ್ರೆಯನ್ನೂ ಕುಟ್ಟಿ ಪುಡಿ ಮಾಡಿ ಕುಡಿಸುವ ಮನೆಯ ಪದ್ಧತಿ ಅಪಾಯದ್ದು. ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಿಸಿದ ಮಾತ್ರೆ ಪುಡಿಯಾದರೆ ಇಡೀ ಪ್ರಮಾಣ ಒಮ್ಮೆಲೇ ಮೈಗೆ ಸೇರುತ್ತದೆ. ಕಿವಿಯ ಹತ್ತಿರ ಎಳೆತ, ಕೆನ್ನೆಯ ಸ್ನಾಯುಗಳ ಸೆಳೆತ ಕೆಲವು ವಾರ ಇರುತ್ತವೆ, ಮುಖ್ಯವಾಗಿ ರಾತ್ರಿ.

ಜೋಮಿನ ಕತೆ ದೀರ್ಘ. ಕೆಳದವಡೆಯ ಮೂಳೆಯೊಳಗೆ ಹರಿಯುವ ನರವೊಂದು ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ಕೊಡುತ್ತದೆ. ಮೂಳೆ ಸೀಳುವಾಗ ಈ ನರ ಜಗ್ಗುವುದು, ನುಜ್ಜಾಗುವುದು ಸಾಮಾನ್ಯ. ಮೇಲ್ದವಡೆಯಾದರೆ ಕೆನ್ನೆ, ಮೇಲ್ತುಟಿ, ಮೂಗಿನ ಪಕ್ಕ, ಅಂಗುಳ ಜೋಮು ಹಿಡಿಯುತ್ತವೆ. ಹಲ್ಲು ಕೀಳಿಸಲು ಚುಚ್ಚುಮದ್ದು ಕೊಟ್ಟ ನಂತರದ ತುಟಿಯಂತೆ ಇರುತ್ತದೆ, ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ. ಜೊಲ್ಲು ಸುರಿದದ್ದು, ಗದ್ದಕ್ಕೆ ಗಂಜಿ ಅಂಟಿದ್ದು ತಿಳಿಯುವುದಿಲ್ಲ. ಕೈಯಲ್ಲಿ ಸದಾ ಒಂದು ಕರವಸ್ತ್ರ ಬೇಕು. ಬಿಸಿ ಕಾಫಿ ತುಟಿ ಸುಟ್ಟರೂ ಗೊತ್ತಾಗದು, ಆದ್ದರಿಂದ ಎಲ್ಲವೂ ಉಗುರುಬೆಚ್ಚಗಿರಲಿ. ಗಂಡಸರು ಗಡ್ಡ ಹೆರೆಯುವಾಗ ಬ್ಲೇಡಿಗಿಂತ ಟ್ರಿಮ್ಮರ್ ವಾಸಿ.

ಸ್ಪರ್ಶ ಮರಳುವುದು ಇರುವೆ ಹರಿದಂತೆ, ಚುಚ್ಚಿದಂತೆ, ಕೆಲವೊಮ್ಮೆ ಕರೆಂಟ್ ಹೊಡೆದಂತೆ. ಅದು ಬಹುಮಟ್ಟಿಗೆ ಒಳ್ಳೆಯ ಸೂಚನೆ. ಹೆಚ್ಚಿನವರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ಬಹುಪಾಲು ಸ್ಪರ್ಶ ಹಿಂದಿರುಗುತ್ತದೆ. ಕೆಲವರಿಗೆ, ವಿಶೇಷವಾಗಿ ವಯಸ್ಸಾದವರಿಗೆ, ಅಲ್ಪಸ್ವಲ್ಪ ಜೋಮು ಶಾಶ್ವತವಾಗಿ ಉಳಿಯಬಹುದು. ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ಬಿಡಿಸಿ ಕೇಳಬೇಕಾದ ಪ್ರಶ್ನೆ ಇದು. ಕೆಳದವಡೆಯ ಮೂಳೆಯೊಳಗಿನ ಈ ನರ ಸ್ಪರ್ಶಕ್ಕೆ ಮಾತ್ರ ಸಂಬಂಧಿಸಿದ್ದು, ಆದ್ದರಿಂದ ಜೋಮು ಹಿಡಿದ ತುಟಿಯೂ ಅಲ್ಲಾಡುತ್ತದೆ. ಉರಿಯುವ ನೋವು ಬಿಡದೆ ಕಾಡಿದರೆ ಅದಕ್ಕೆ ನರದ ನೋವಿನ ಬೇರೆಯೇ ಔಷಧಗಳಿವೆ.

ಹಸಿವು ಮತ್ತು ಊಟ

ಈ ಚೇತರಿಕೆಯ ಅತಿ ದೊಡ್ಡ ಕೆಲಸ ನಡೆಯುವುದು ಅಡುಗೆಮನೆಯಲ್ಲಿ. ಮೊದಲ ಒಂದೆರಡು ವಾರ ದ್ರವಾಹಾರ, ಆಮೇಲೆ ಮೂಳೆ ಕೂಡುವ ತನಕ, ಎಂದರೆ ಸುಮಾರು ಆರರಿಂದ ಎಂಟು ವಾರದವರೆಗೆ, ಜಗಿಯಬೇಕಿಲ್ಲದ ಮೆತ್ತನೆಯ ಆಹಾರ. ಸಿರಿಂಜಿಗೆ ಮೆದು ಕೊಳವೆ ಸಿಕ್ಕಿಸಿ ಕೆನ್ನೆ ಮತ್ತು ಹಲ್ಲಿನ ನಡುವೆ ಇಳಿಸಿದರೆ ದ್ರವ ಕೊನೆಯ ದವಡೆಹಲ್ಲಿನ ಹಿಂದಿನ ಸಂದಿನಿಂದ ಒಳಗೆ ಹೋಗುತ್ತದೆ. ಸ್ಟ್ರಾದಿಂದ ಹೀರುವುದನ್ನು ಅನೇಕ ಶಸ್ತ್ರವೈದ್ಯರು ಮೊದಮೊದಲು ಬೇಡ ಎನ್ನುತ್ತಾರೆ. ಒಂದು ಲೋಟ ಗಂಜಿಗೆ ಅರ್ಧ ಗಂಟೆ ಹಿಡಿಯುವುದರಿಂದ ಬೇಸತ್ತು ಬಿಟ್ಟುಬಿಡುವವರೇ ಹೆಚ್ಚು. ಮೊದಲ ತಿಂಗಳಲ್ಲಿ ಕೆಲವು ಕಿಲೊ ತೂಕ ಇಳಿಯುವುದು ಹೀಗೆ.

ಕನ್ನಡ ನಾಡಿನ ಅಡುಗೆ ಇಲ್ಲಿ ಒದಗಿಬರುತ್ತದೆ. ರಾಗಿ ಅಂಬಲಿ, ಹೆಸರುಬೇಳೆ ಕಟ್ಟು, ಹುರುಳಿ ಕಟ್ಟಿನ ಸಾರು, ಮಜ್ಜಿಗೆ, ಸೋಸಿದ ತರಕಾರಿ ಸಾರು, ಮಾಂಸ ತಿನ್ನುವವರಿಗೆ ಕಾಲು ಸೂಪು: ಎಲ್ಲವೂ ಆಗಲೇ ದ್ರವ. ಆದರೆ ಬರೀ ಗಂಜಿ, ಎಳನೀರು, ಹಣ್ಣಿನ ರಸದ ಮೇಲೆ ಬದುಕಿದರೆ ಹೊಟ್ಟೆ ತುಂಬಿದಂತಾಗುತ್ತದೆಯೇ ಹೊರತು ಗಾಯ ಮಾಯಲು ಬೇಕಾದ ಪ್ರೋಟೀನ್ ಸಿಗದು. ಬೇಳೆಯನ್ನು ನುಣ್ಣಗೆ ಅರೆದು ಹಾಲು, ತುಪ್ಪ, ಕಡಲೆಕಾಯಿಯ ನುಣುಪಾದ ಪೇಸ್ಟು ಅಥವಾ ಪ್ರೋಟೀನ್ ಪುಡಿ ಸೇರಿಸಬೇಕು. ಅರೆದದ್ದನ್ನು ಜರಡಿಯಲ್ಲಿ ಸೋಸುವುದು ಮರೆಯಬಾರದು. ಸಾಸಿವೆ ಕಾಳು, ಕರಿಬೇವಿನ ಚೂರು ಹೊಲಿಗೆಯಲ್ಲಿ ಸಿಕ್ಕಿಕೊಂಡರೆ ತೆಗೆಯುವುದು ಹರಸಾಹಸ. ಒಗ್ಗರಣೆ ಒಂದಷ್ಟು ವಾರ ರಜೆ ತೆಗೆದುಕೊಳ್ಳಲಿ. ಖಾರ, ಹುಳಿ ಗಾಯಕ್ಕೆ ಉರಿ. ದಿನಕ್ಕೆ ಮೂರು ಊಟದ ಬದಲು ಆರೇಳು ಸಣ್ಣ ಸಲ, ಗಡಿಯಾರ ನೋಡಿಕೊಂಡು. ನಾರಿಲ್ಲದ ಆಹಾರ ಮತ್ತು ನೋವಿನ ಔಷಧ ಸೇರಿ ಮಲಬದ್ಧತೆಯಾಗುತ್ತದೆ, ಪಪ್ಪಾಯಿಯೂ ಸಾಕಷ್ಟು ನೀರೂ ಅದಕ್ಕೆ ಮೊದಲ ಉಪಾಯ.

ಮೆತ್ತನೆಯ ಹಂತಕ್ಕೆ ಬಂದಾಗ ಸಾರಿನಲ್ಲಿ ನೆನೆದ ಇಡ್ಲಿ, ಮುದ್ದೆಯಾದ ಮೊಸರನ್ನ, ನೀರಾಗಿ ಬೇಯಿಸಿದ ಪೊಂಗಲ್ ಬರುತ್ತವೆ. ರಾಗಿಮುದ್ದೆ ಜಗಿಯದೆ ನುಂಗುವಂಥದ್ದು ಎಂದು ಹಳೆ ಮೈಸೂರಿನವರು ಆಸೆಪಡಬಹುದು, ಆದರೆ ತುತ್ತು ಒಳಹೋಗುವಷ್ಟು ಬಾಯಿ ತೆರೆಯುವವರೆಗೆ ಕಾಯಬೇಕು. ಕಟಕ ರೊಟ್ಟಿ, ಚಕ್ಕುಲಿ, ಕಬ್ಬು ಕೆಲವು ತಿಂಗಳ ನಂತರದ ಮಾತು. ಅಡಿಕೆ, ಗುಟ್ಕಾ, ಬೀಡಿ ಸಿಗರೇಟು ಬೇಡವೇ ಬೇಡ. ತಂಬಾಕು ಗಾಯ ಮಾಯುವುದನ್ನು ತಡಮಾಡುತ್ತದೆ, ಅಡಿಕೆ ಬಾಯಿಯ ಒಳಪದರವನ್ನೇ ಬಿಗಿಗೊಳಿಸಿ ಬಾಯಿ ತೆರೆಯುವುದನ್ನು ಕುಗ್ಗಿಸುತ್ತದೆ.

ವಾಂತಿಯ ಭಯವೂ ಊಟದ ಜೊತೆಗಿನದೇ. ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಗಿಳಿದ ರಕ್ತ ಮೊದಲ ದಿನ ಓಕರಿಕೆ ತರಿಸುತ್ತದೆ. ಹೊಟ್ಟೆಯಲ್ಲಿರುವುದು ದ್ರವವಾದ್ದರಿಂದ ಮುಂದಕ್ಕೆ ಬಾಗಿ ತಲೆ ತಗ್ಗಿಸಿದರೆ ಅದು ಹಲ್ಲಿನ ಸಂದುಗಳಿಂದ ಹೊರಬರುತ್ತದೆ. ಬ್ಯಾಂಡ್ ಕತ್ತರಿಸಲು ಕತ್ತರಿಯನ್ನೂ, ತಂತಿ ಕಟ್ಟಿದ್ದರೆ ತಂತಿ ಕತ್ತರಿಸುವ ಕಟ್ಟರನ್ನೂ ಹಾಸಿಗೆಯ ಪಕ್ಕದಲ್ಲೇ ಇಟ್ಟಿರಬೇಕು. ಯಾವುದನ್ನು ಎಲ್ಲಿ ಕತ್ತರಿಸಬೇಕೆಂದು ಜೊತೆಗಿರುವವರು ಬಿಡುಗಡೆಯ ದಿನವೇ ಕೇಳಿ ತಿಳಿದುಕೊಳ್ಳಬೇಕು.

ಬಾಯಿಯ ಶುಚಿ, ವ್ಯಾಯಾಮ

ಪ್ರತಿ ಸಲ ಕುಡಿದ ಮೇಲೆ ಉಗುರುಬೆಚ್ಚನೆಯ ಉಪ್ಪುನೀರು, ದಿನಕ್ಕೆ ಎರಡು ಬಾರಿ ಕ್ಲೋರ್‌ಹೆಕ್ಸಿಡಿನ್ ದ್ರವ, ಪುಟ್ಟ ಮಕ್ಕಳ ಮೆದು ಬ್ರಷ್ಷು. ಒಡೆಯುವ ತುಟಿಗೆ ವ್ಯಾಸಲೀನು. ದವಡೆಯ ವ್ಯಾಯಾಮ ಯಾವಾಗ ಆರಂಭಿಸಬೇಕೆಂದು ಶಸ್ತ್ರವೈದ್ಯರೇ ಹೇಳುತ್ತಾರೆ. ಸುಮಾರು 40 ಮಿಲಿಮೀಟರ್, ಹೆಚ್ಚುಕಡಿಮೆ ಮೂರು ಬೆರಳಗಲ, ಬಾಯಿ ತೆರೆಯುವಂತಾಗುವುದು ಗುರಿ. ಆತುರದಿಂದ ಅಗಲಿಸುವುದು ತಪ್ಪು, ಹೆದರಿ ತೆರೆಯದೇ ಇರುವುದೂ ಅಷ್ಟೇ ತಪ್ಪು.

ಮನಸ್ಸು

ಮೊದಲ ವಾರ ಮನೆಯವರೆಲ್ಲ ಸುತ್ತ ಇರುತ್ತಾರೆ. ಅವರು ತಮ್ಮ ಕೆಲಸಕ್ಕೆ ಮರಳಿದ ಮೇಲೆ, ಹಸಿವು, ನಿದ್ದೆಗೇಡು, ಊದಿದ ಅಪರಿಚಿತ ಮುಖ ಒಟ್ಟಾಗಿ ಅನೇಕರನ್ನು ಕುಗ್ಗಿಸುತ್ತವೆ. ‘ಯಾಕಾದರೂ ಮಾಡಿಸಿಕೊಂಡೆನೋ’ ಎಂಬ ಮಾತು ಈ ಹಂತದಲ್ಲಿ ಬರುವುದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಿಡಬೇಕು. ಮುಖದ ಹೊಸ ರೂಪದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೋರಿಸಲು ಇರುವ ಉತ್ಸಾಹ ಶಸ್ತ್ರಚಿಕಿತ್ಸೆಯ ನಂತರದ ಈ ದಿನಗಳ ಬಗ್ಗೆ ತಿಳಿಹೇಳಲು ಎಲ್ಲೆಡೆ ಕಾಣುವುದಿಲ್ಲ. ನೋಡಲು ಬರುವ ನೆಂಟರ ‘ಅಯ್ಯೋ, ಏನಾಯ್ತು ಮುಖಕ್ಕೆ?’ ಎಂಬ ಉದ್ಗಾರವೂ ಗಾಯವೇ. ಎರಡು ವಾರ ಭೇಟಿಗಳನ್ನು ಮುಂದೂಡುವುದರಲ್ಲಿ ತಪ್ಪಿಲ್ಲ. ಮಾತಿಗೆ ಬದಲು ಸ್ಲೇಟು ಅಥವಾ ಮೊಬೈಲಿನಲ್ಲಿ ಬರೆದು ತೋರಿಸುವುದು ನಡೆಯುತ್ತದೆ. ಮಂಕು ವಾರಗಟ್ಟಲೆ ಬಿಡದಿದ್ದರೆ, ಬದುಕೇ ಬೇಡವೆನಿಸಿದರೆ, ಮನೋವೈದ್ಯರ ನೆರವು ಕೂಡಲೇ ಬೇಕು.

ಮದುವೆಯ ಮಾತುಕತೆಗೆ ಮುನ್ನ ಮುಗಿಸಿಬಿಡೋಣ ಎಂದು ಎರಡು ಮೂರು ತಿಂಗಳ ಅಂತರದಲ್ಲಿ ದಿನ ಗೊತ್ತುಮಾಡುವ ಕುಟುಂಬಗಳಿವೆ. ಅದು ಸಾಲದು. ಹೆಚ್ಚಿನವರು ಓದಿಗೆ, ಕಚೇರಿ ಕೆಲಸಕ್ಕೆ ಎರಡರಿಂದ ನಾಲ್ಕು ವಾರದಲ್ಲಿ ಮರಳಬಲ್ಲರು, ಆದರೆ ಹಲ್ಲಿನ ಕ್ಲಿಪ್ ಸಾಮಾನ್ಯವಾಗಿ ಇನ್ನೂ ಆರು ತಿಂಗಳು ಅಥವಾ ಹೆಚ್ಚು ಇರುತ್ತದೆ, ಮುಖದ ಅಂತಿಮ ರೂಪ ನೆಲೆಗೊಳ್ಳುವುದು ಅದಕ್ಕೂ ತಡವಾಗಿ.

ತಡಮಾಡಬಾರದ ಲಕ್ಷಣಗಳು

ಉಸಿರಾಟದ ತೊಂದರೆ, ಒತ್ತಿಹಿಡಿದರೂ ನಿಲ್ಲದ ಕೆಂಪು ರಕ್ತ, ಇಳಿಯುತ್ತಿದ್ದ ಊತ ಒಂದು ಬದಿಯಲ್ಲಿ ಮತ್ತೆ ಏರುವುದು, ಜ್ವರ, ಕೀವು, ಕೆಟ್ಟ ವಾಸನೆ, ಹಲ್ಲುಗಳು ಕೂಡುವ ರೀತಿ ದಿಢೀರನೆ ಬದಲಾಗುವುದು, ಒಂದು ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು: ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕೈಹಾಕಬೇಡಿ. ಶಸ್ತ್ರಚಿಕಿತ್ಸೆ ಮಾಡಿದ ವಿಭಾಗಕ್ಕೆ ಅದೇ ದಿನ ಫೋನ್ ಮಾಡಿ. ಉಸಿರಿನದೋ ರಕ್ತದ್ದೋ ತೊಂದರೆಯಾದರೆ ಫೋನಿಗೂ ಕಾಯದೆ ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.