ಕ್ಯಾಡ್ ನಕ್ಷೆಗಳ ಮುದ್ರಣ ನಿಯಂತ್ರಣ

ಸೊಲ್ಲಾಪುರ, ಅಕ್ಕಲಕೋಟೆ, ಕುರನೂರ ಭಾಗದಲ್ಲಿ ಪರವಾನಗಿಗೆ ಸಲ್ಲಿಸುವ ಕಟ್ಟಡ ನಕ್ಷೆಯಲ್ಲಿ ಹೊಸದಾಗಿ ಕಟ್ಟುವ ಗೋಡೆ ಕೆಂಪಗಿರಬೇಕು, ಕೆಡವುವ ಭಾಗದ ಮೇಲೆ ಹಳದಿ ಗೀರುಗಳಿರಬೇಕು. 2020ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಮಹಾರಾಷ್ಟ್ರದ ಏಕೀಕೃತ ಅಭಿವೃದ್ಧಿ ನಿಯಮಾವಳಿಯೂ ಇಂಥ ಬಣ್ಣಗಳ ಪಟ್ಟಿ ಕೊಡುತ್ತದೆ. ಆದರೆ ನಕ್ಷೆ ಬರೆಯುವವರ ಕಂಪ್ಯೂಟರಿನಲ್ಲಿ ಕೆಂಪು ಎಂದರೆ ಬಹುಕಾಲದಿಂದ ಕೆಂಪಲ್ಲ. ಅದು ಗೆರೆಯ ದಪ್ಪ.

ಬೋರಿ ನದಿಯ ಕುರನೂರ ಅಣೆಕಟ್ಟು, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ಈ ಕಡೆಯ ಕಚೇರಿಗಳಿಗೆ ಬರುವುದಕ್ಕಿಂತ ಹಳೆಯದು. ಆ ಕಾಲದ ನಕ್ಷೆಗಾರರು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಬರೆಯುತ್ತಿದ್ದರು. ತಪ್ಪಿದರೆ ಬ್ಲೇಡಿನಿಂದ ಕೆರೆಯುತ್ತಿದ್ದರು. ಗೋಡೆಗೆ ದಪ್ಪ ಪೆನ್ನು, ಅಳತೆ ಗೆರೆಗೆ ಸಣ್ಣದು. ಪೆನ್ನುಗಳ ಸರಣಿ 0.25, 0.35, 0.5, 0.7 ಮಿ.ಮೀ. ಎಂದು ಸುಮಾರು 1.4 ಪಟ್ಟು ಏರುತ್ತದೆ. ಎ4 ಹಾಳೆಯನ್ನು ಎ3ಕ್ಕೆ ಹಿಗ್ಗಿಸಿದಾಗ ಗೆರೆಯೂ ಅಷ್ಟೇ ಹಿಗ್ಗಿ ಸರಣಿಯ ಮುಂದಿನ ಪೆನ್ನಿಗೆ ಹೊಂದುತ್ತದೆ. ಜಾಣತನದ ಲೆಕ್ಕ. ಪ್ರತಿ ತೆಗೆಯಲು ಬ್ಲೂಪ್ರಿಂಟ್ ಇತ್ತು. ಇದರ ಮೂಲ ಜಾನ್ ಹರ್ಷೆಲ್ 1842ರಲ್ಲಿ ಕಂಡುಕೊಂಡ ವಿಧಾನ. ಆಮೇಲೆ ಅಮೋನಿಯಾ ಪ್ರಿಂಟ್ ಬಂತು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪಟ್ಟಿಯಲ್ಲಿ ಬಿಳಿ ಹಾಳೆ, ಬ್ಲೂಪ್ರಿಂಟ್, ಅಮೋನಿಯಾ ಪ್ರಿಂಟ್ ಎಂಬ ಮೂರು ಕಾಲಮ್ಮುಗಳಿದ್ದವು. ಈಗಾಗಲೇ ಇರುವ ಕಟ್ಟಡಕ್ಕೆ ಮೊದಲನೆಯದರಲ್ಲಿ ಕಪ್ಪು, ಎರಡನೆಯದರಲ್ಲಿ ಬಿಳಿ, ಮೂರನೆಯದರಲ್ಲಿ ನೀಲಿ.

ಮುಂದೆ ಕೈಯ ಬದಲು ಕಂಪ್ಯೂಟರಿನ ಆಜ್ಞೆಯಂತೆ ಗೆರೆ ಎಳೆಯುವ ಯಂತ್ರ, ಪ್ಲಾಟರ್, ಬಂತು. 1959ರ ಕ್ಯಾಲ್‌ಕಾಂಪ್ 565 ಪ್ಲಾಟರ್ ಉರುಳೆಯ ಮೇಲೆ ಕಾಗದ ಹಿಂದೆ ಮುಂದೆ ಸರಿಸುತ್ತ ಒಂದೇ ಪೆನ್ನಿನಲ್ಲಿ ಗೆರೆ ಎಳೆಯುತ್ತಿತ್ತು. 1980ರ ದಶಕದ ಹ್ಯೂಲೆಟ್ ಪ್ಯಾಕರ್ಡ್ 7475ಎ ಯಂತ್ರದಲ್ಲಿ ಆರು ಪೆನ್ನುಗಳು. 'ಎಸ್‌ಪಿ1' ಎಂಬ ಆಜ್ಞೆ ಬಂದರೆ ಯಂತ್ರ ಮೊದಲ ಪೆನ್ನು ಎತ್ತಿಕೊಳ್ಳುತ್ತಿತ್ತು. 1982ರಲ್ಲಿ ಬಂದ ಆಟೋಕ್ಯಾಡ್ ಎಂಬ ಕ್ಯಾಡ್ ತಂತ್ರಾಂಶದಲ್ಲಿ ಪ್ರತಿ ಬಣ್ಣಕ್ಕೂ ಒಂದು ಅಂಕಿ: 1 ಕೆಂಪು, 2 ಹಳದಿ, 3 ಹಸಿರು. ಆ ಅಂಕಿಗೇ ಪೆನ್ನಿನ ಸಂಖ್ಯೆ ಗಂಟುಬಿತ್ತು. ಒಂದೊಂದು ಪೆನ್ನಿಗೆ ಒಂದೊಂದು ದಪ್ಪ, ಹಾಗಾಗಿ ಬಣ್ಣವೇ ದಪ್ಪದ ಗುರುತಾಯಿತು. ಯಂತ್ರದ ಮಿತಿಗೆ ಮಾಡಿಕೊಂಡ ಈ ಏರ್ಪಾಡು ಯಂತ್ರ ಹೋದ ಮೇಲೂ ಉಳಿದದ್ದೇ ಈ ಚರಿತ್ರೆಯ ಸ್ವಾರಸ್ಯ.

ಆಟೋಕ್ಯಾಡ್‌ನ 1990ರ ಹನ್ನೊಂದನೆಯ ಆವೃತ್ತಿಯಲ್ಲಿ, ಹಾಳೆಯನ್ನೇ ಪರದೆಯ ಮೇಲೆ ಸಜ್ಜುಗೊಳಿಸುವ 'ಪೇಪರ್ ಸ್ಪೇಸ್' ಸೇರಿತು. ಮರುವರ್ಷ ಹ್ಯೂಲೆಟ್ ಪ್ಯಾಕರ್ಡ್‌ನ ಡಿಸೈನ್‌ಜೆಟ್ ಬಂದು, ಪೆನ್ನುಗಳ ಜಾಗದಲ್ಲಿ ಶಾಯಿ ಸಿಂಪಡಿಸುವ ಮುದ್ರಣ ದೊಡ್ಡ ಹಾಳೆಗೂ ಒದಗಿತು.

ದೊಡ್ಡ ತಿರುವು 1999ರಲ್ಲಿ ಹೊರಬಂದ ಆಟೋಕ್ಯಾಡ್ 2000. ಅದರ ಪ್ಲಾಟ್ ಸ್ಟೈಲ್‌ಗಳಲ್ಲಿ, ಅಂದರೆ ಮುದ್ರಣ ಶೈಲಿಗಳಲ್ಲಿ, ಎರಡು ಬಗೆ. ಸಿಟಿಬಿ ಕಡತ 255 ಬಣ್ಣಗಳಿಗೆ ಒಂದೊಂದಕ್ಕೂ ದಪ್ಪ, ಮುದ್ರಣದ ಬಣ್ಣ, ಮಸುಕು ಗೊತ್ತುಮಾಡುತ್ತದೆ. ಎಸ್‌ಟಿಬಿ ಬಣ್ಣದ ಗೊಡವೆಗೆ ಹೋಗದೆ, ಹೆಸರಿಟ್ಟ ಶೈಲಿಗಳನ್ನು ಗೆರೆಗಳ ಪದರವಾದ ಲೇಯರಿಗೋ ಬಿಡಿ ಗೆರೆಗೋ ಹಚ್ಚುತ್ತದೆ. ಒಂದು ನಕ್ಷೆಗೆ ಎರಡರಲ್ಲಿ ಒಂದೇ. ತರ್ಕದಿಂದ ನೋಡಿದರೆ ಎರಡನೆಯದೇ ಸರಿ. ಆದರೂ ಕಚೇರಿಗಳು ಸಿಟಿಬಿ ಬಿಡಲಿಲ್ಲ: ಹಳೆಯ ನಕ್ಷೆಗಳೆಲ್ಲ ಬಣ್ಣದ ಲೆಕ್ಕದಲ್ಲೇ ಇದ್ದವು, ನಕ್ಷೆಗಾರರಿಗೆ ಯಾವ ಬಣ್ಣಕ್ಕೆ ಯಾವ ದಪ್ಪ ಎಂಬುದು ಬಾಯಿಪಾಠವಾಗಿತ್ತು.

ಪರವಾನಗಿ ನಕ್ಷೆಯ ತೊಡಕು ಇಲ್ಲಿಯೇ. 'ಮೊನೊಕ್ರೋಮ್' ಸಿಟಿಬಿ ಹಾಕಿದರೆ ಎಲ್ಲವೂ ಕಪ್ಪಗೆ ಬರುತ್ತದೆ, ಹೊಸ ಗೋಡೆಯ ಕೆಂಪು ಹೋಗುತ್ತದೆ. ಸಿಟಿಬಿ ತೆಗೆದರೆ ಕೆಂಪು ಉಳಿಯುತ್ತದೆ, ಆದರೆ ಅಳತೆ ಗೆರೆಯೂ ಹಸಿರೋ ಹಳದಿಯೋ ಆಗಿ ಬೀಳುತ್ತದೆ. 2004ರ ಆವೃತ್ತಿಯಲ್ಲಿ ಬಂದ 'ಟ್ರೂ ಕಲರ್' ಇದಕ್ಕೊಂದು ಉಪಾಯ ಒದಗಿಸಿತು. ಕೆಂಪು, ಹಸಿರು, ನೀಲಿಯ ಪ್ರಮಾಣವಾಗಿ 255,0,0 ಎಂದು ಬರೆದು ಕೊಟ್ಟ ಕೆಂಪು 255 ಬಣ್ಣಗಳ ಪಟ್ಟಿಯ ಹೊರಗಿನದು. ಮೊನೊಕ್ರೋಮ್ ಅದನ್ನು ಮುಟ್ಟದು. ಉಳಿದದ್ದೆಲ್ಲ ಕಪ್ಪು, ಪರವಾನಗಿ ಕೇಳುವ ಗೋಡೆ ಮಾತ್ರ ಕೆಂಪು.